ಕೊನೆಗೆ ಬಂದವರ ಜಾಗ

ಸಂಬಳದ ಚೀಟಿಯ ಬೆನ್ನಿಗೆ ಪೆನ್ಸಿಲಿನ ಒಂದು ಗೆರೆ:
ಈಚೆ ಇರುವುದು, ಆಚೆ ಬೇಕಾದದ್ದು.
ಈಚೆ ಇನ್ನೂರ ಹತ್ತು ಯೂರೋ, ಆರು ದಿನದ ರಜೆ,
ಇಬ್ಬರಿಗೂ ಸೇರಿ ಮೂರು ಸರಿಯಾದ ಮೊಣಕಾಲು.
ಆಚೆ ಬರೆಯುತ್ತ ಹೋದರೆ ಚೀಟಿ ಸಾಲದು.

ತಾಂಪೆರೆಯ ಆಸ್ಪತ್ರೆಯ ಲಾಂಡ್ರಿ, ಹನ್ನೊಂದರ ಊಟ.
ಹಿಂದೆ ಯಂತ್ರಗಳು ಊರಿನ ಕಾಯಿಲೆಯನ್ನೆಲ್ಲ
ಬಿಸಿನೀರಲ್ಲಿ ತಿರುವುತ್ತಿವೆ.
ರೌನಿ ಓದುತ್ತಾಳೆ, ಕನ್ನಡಕ ಮೂಗಿನ ತುದಿಗೆ:
"ರೈಲಲ್ಲಿ ಮಲಗುವ ಬರ್ತಿಗೆ ಎಷ್ಟು ಬರೆದಿದ್ದೀ, ಕೆರ್ತು?"
ಸೊನ್ನೆ. ಕೂತೇ ಹೋಗೋಣ.
"ರಾತ್ರಿಯೆಲ್ಲ?"
ಇಪ್ಪತ್ತಾರು ವರ್ಷ ನಿಂತಿದ್ದೇವಲ್ಲ ರೌನಿ,
ಒಂದು ರಾತ್ರಿ ಕೂರುವುದು ದೊಡ್ಡದೇ?

ಸೆಪ್ಟೆಂಬರಿನ ಎರಡನೇ ವಾರ ಎಂದಿದ್ದಳು ಅವಳು.
ಆಗ ಗುಡ್ಡಕ್ಕೆ ಗುಡ್ಡವೇ ಕೆಂಡ,
ಮೊಣಕಾಲೆತ್ತರದ ಬರ್ಚ್ ಗಿಡಕ್ಕೂ ಸೊಕ್ಕು.
ಆ ಬಣ್ಣಕ್ಕೆ ನಮ್ಮಲ್ಲಿ ಒಂದು ಹೆಸರಿದೆ, ರುಸ್ಕಾ.
ಹೆಸರಿಗೆ ತಕ್ಕ ಬೆಲೆಯೂ ಇದೆ.
ನಾನು ಎರಡು ವಾರ ಮುಂದಕ್ಕೆ ತಳ್ಳಿದೆ:
ಎಲೆ ಅರ್ಧ ಉದುರಿರುತ್ತದೆ, ಟಿಕೆಟ್ಟಿನ ಬೆಲೆಯೂ.
ಸೊಳ್ಳೆಗಳೆಲ್ಲ ಸತ್ತಿರುತ್ತವೆ.
ನೆಲಕ್ಕೆ ಬಿದ್ದ ಕೆಂಪೂ ಕೆಂಪೇ ಅಲ್ಲವೇ,
ನಾವು ಹೇಗೂ ನೆಲ ನೋಡಿಕೊಂಡೇ ನಡೆಯುವವರು.

ಕಾಫಿ, ದಿನಕ್ಕೆ ಎಂಟು ಚಮಚ. ಇದರಲ್ಲಿ ಚೌಕಾಶಿ ಇಲ್ಲ.
ಗಂಜಿಗೆ ಓಟ್ಸ್, ಹಿಡಿಯಷ್ಟು ಒಣದ್ರಾಕ್ಷಿ.
ಸಿಹಿಗೆ ದಾರಿಬದಿಯ ಬ್ಲೂಬೆರಿ, ಇಬ್ಬನಿ ಕಚ್ಚಿ ಮೆತ್ತಗಾದದ್ದು.
ನನ್ನ ತಂಗಿಯ ಮಗನ ಮಲಗುಚೀಲ, ಜಿಪ್ ಕೆಟ್ಟದ್ದು.
ರೌನಿಯ ಕೆಟಲ್, ಮಸಿ ಹಿಡಿದದ್ದು, ಗಂಡನ ಕಾಲದ್ದು.
ಗಂಡ ಬಿಟ್ಟುಹೋದ, ಕೆಟಲ್ ಉಳಿಯಿತು.
ಸೋರದೇ ಇರುವುದು ಅದೇ ಆಗಿತ್ತು ಅನ್ನುತ್ತಾಳೆ.

ಬಸ್ಸಿನ ಸಾಲಿಗೆ ಬಂದು ಮಾತು ನಿಂತಿತು.
ಇಳಿಯುವ ಕಡೆ ಅಂಗಡಿಯಿಲ್ಲ, ದೀಪವಿಲ್ಲ,
ಒಂದು ಕಂಬಕ್ಕೆ ನಾಲ್ಕು ಅಂಚೆಪೆಟ್ಟಿಗೆ ಮಾತ್ರ.
ಅಲ್ಲಿಂದ ಹದಿನೇಳು ಕಿಲೋಮೀಟರು.
ಮೂರು ಮೊಣಕಾಲಲ್ಲಿ ಎಷ್ಟು ಹೊತ್ತು?
"ಕತ್ತಲಾದ ಮೇಲೆ ಮುಟ್ಟುತ್ತೇವೆ" ಎಂದಳು ರೌನಿ.
"ಅಷ್ಟರಲ್ಲಿ ಗುಡಿಸಲು ತುಂಬಿರುತ್ತದೆ. ಎಳೆಯರು,
ದೊಡ್ಡ ದೊಡ್ಡ ಚೀಲದವರು, ಹಲಗೆಯುದ್ದಕ್ಕೂ."

ಆಗ ಹೇಳಿದೆ,
ಚಿಕ್ಕವಳಿದ್ದಾಗ ಅಪ್ಪನ ಹಿಂದೆ ನಡೆದು ಕಲಿತದ್ದು:
ಆ ಗುಡಿಸಲಿಗೆ ಬೀಗವಿಲ್ಲ, ಬಾಡಿಗೆಯಿಲ್ಲ,
ಇರುವುದು ಒಂದು ಕಟ್ಟಳೆ.
ಕೊನೆಗೆ ಬಂದವರದ್ದೇ ಮೊದಲ ಹಕ್ಕು.
ಮುಂಚೆ ಬಂದವರು ಅಷ್ಟು ಹೊತ್ತು ಬೆಚ್ಚಗಿದ್ದರಲ್ಲ,
ಅವರು ಸರಿಯಬೇಕು.
ಸರಿಯಲೂ ಜಾಗವಿಲ್ಲದಿದ್ದರೆ, ಬಟ್ಟೆ ಒಣಗಿದವರು
ಎದ್ದು ಹೊರಗೆ ಡೇರೆ ಹೊಡೆಯಬೇಕು.

ಹಾಸಿಗೆ ಇದ್ದಷ್ಟು ಕಾಲು ಚಾಚು
ಎಂಬ ಲೆಕ್ಕದಲ್ಲೇ ಬದುಕಿದವರು ನಾವು.
ಆ ಹಲಗೆಯ ಲೆಕ್ಕ ಬೇರೆ.
ಬಾಗಿಲು ಕಿರ್ರೆಂದಾಗಲೆಲ್ಲ
ಚಾಚಿದ ಕಾಲು ಮಡಚಿಕೊಳ್ಳುತ್ತದೆ,
ಹಾಸಿಗೆ ಒಂದು ಗೇಣು ಬೆಳೆಯುತ್ತದೆ.

ರೌನಿ ರೈ ರೊಟ್ಟಿ ಅಗಿಯುವುದನ್ನು ನಿಲ್ಲಿಸಿದಳು.
ಬಾಡಿಗೆ ಮನೆಯ ಸರದಿಯಲ್ಲಿ, ಹಲ್ಲಿನ ಡಾಕ್ಟರ ಸರದಿಯಲ್ಲಿ,
ಬೇಸಿಗೆಯ ರಜೆ ಹಂಚುವಾಗ ನವೆಂಬರ್ ಸಿಕ್ಕವಳು.
"ಕೊನೆಗೆ ಬಂದವರಿಗಾ?"
ಹೌದು.
"ಎಲ್ಲಾದರೂ ಬರೆದಿದೆಯಾ?"
ಗೋಡೆಯ ಮೇಲೆ ಇತ್ತು. ಒಲೆಯ ಹೊಗೆಗೆ ಅರ್ಧ ಮಾಸಿತ್ತು.

ಗಂಟೆ ಹೊಡೆಯಿತು. ಹಬೆಯೊಳಕ್ಕೆ ಹೋಗುವ ಮುಂಚೆ
ಪೆನ್ಸಿಲ್ ಕಿತ್ತುಕೊಂಡು ಅವಳೇ ಬರೆದಳು:
ಬೆಂಕಿಪೊಟ್ಟಣ, ಎರಡು.
ಅದರ ಕೆಳಗೆ, ಚೀಟಿ ಮುಗಿಯುವಲ್ಲಿ, ಇರುಕಿಸಿ:
ಹೊರಡುವ ಬೆಳಿಗ್ಗೆ ಸೌದೆ ಒಡೆದಿಡಬೇಕು,
ಆಮೇಲಿನವರು ನೆನೆದು ಬರುತ್ತಾರೆ.

"ಮತ್ತೆ, ಕೆರ್ತು," ಬಾಗಿಲಿಂದ ತಿರುಗಿ,
"ದಾರಿಯಲ್ಲಿ ನೀನು ಅವಸರ ಮಾಡಬೇಡ."