ಮೂರನೇ ಹಾಡು, ಎರಡು ನಿಮಿಷ ಹತ್ತು ಸೆಕೆಂಡು

ರಾತ್ರಿ ಹನ್ನೆರಡಕ್ಕೆ ಬಿಟ್ಟರು ಆಲ್ಬಮ್ಮು.
ಮಲ್ಪೆಯ ಐಸ್ ಪ್ಲಾಂಟಿನಲ್ಲಿ ನನ್ನದು ರಾತ್ರಿ ಪಾಳಿ.
ಒಂದು ಕಿವಿಯಲ್ಲಿ ಕ್ರಷರು, ಇನ್ನೊಂದರಲ್ಲಿ ‘ತುಕ್ಕು’.
ಮೊದಲ ಹಾಡು ಮುಗಿಯುವವರೆಗೆ
ಯಾವ ಸದ್ದು ಯಾರದೆಂದು ಗೊತ್ತಾಗಲಿಲ್ಲ, ನಿಜ ಹೇಳುತ್ತೇನೆ.

ಇವರನ್ನು ನಾನು ಕಲ್ಮಾಡಿಯ ಗ್ಯಾರೇಜಿನಿಂದ ಬಲ್ಲೆ.
ಹನ್ನೊಂದು ಜನ ಕೇಳುಗರು, ಅದರಲ್ಲಿ ಇಬ್ಬರು
ಸ್ಕೂಟರ್ ರಿಪೇರಿಗೆ ಬಂದವರು.
ರೆನಿಟನ ಗಿಟಾರಿಗೆ ಆಗ ಐದೇ ತಂತಿ.
ಜಿತೇಶನ ಡ್ರಮ್ಮು ಅರ್ಧ ಪೆಟ್ಟು ಮುಂದೆ ಓಡುತ್ತಿತ್ತು
ನಾಯಿ ಅಟ್ಟಿಸಿದ ಹಾಗೆ.
ಈಗ ಅದೇ ಅರ್ಧ ಪೆಟ್ಟು ಹಿಂದೆ ನಿಂತು ಕಾಯುತ್ತದೆ.
ಕಾಯಲು ಕಲಿಯಲಿಕ್ಕೆ ಆರು ವರ್ಷ.

ನಾಲ್ಕನೆಯದು ನನಗೆ ಸೇರಲಿಲ್ಲ, ತೀರಾ ತೊಳೆದಿಟ್ಟದ್ದು.
ಆದರೆ ಮೂರನೆಯದು!
ಎರಡು ನಿಮಿಷ ಹತ್ತಕ್ಕೆ ಎಲ್ಲ ನಿಲ್ಲುತ್ತದೆ,
ಅಫ್ನಾನ್ ಉಸಿರೆಳೆಯುವುದಷ್ಟೇ ಕೇಳುತ್ತದೆ,
ಆಮೇಲೆ ಆ ಕೂಗು.
ಎಂಜಿನ್ ಕೆಟ್ಟ ದೋಣಿಯವರು ಕತ್ತಲಲ್ಲಿ
ಇನ್ನೊಂದು ದೋಣಿಗೆ ಹಾಕುವಂಥದ್ದು:
ಇಲ್ಲಿದ್ದೇವೆ, ಇಲ್ಲಿ.

ಬೆಳಿಗ್ಗೆ ಮನೆಯಲ್ಲಿ ಜೋರಾಗಿ ಹಾಕಿದೆ.
ಖಾಲಿ ಬುಟ್ಟಿ ಹಿಡಿದು ದಕ್ಕೆಗೆ ಹೊರಟಿದ್ದ ಅಮ್ಮ
ಓಡಿ ಬಂದಳು. ‘ಯಾರಿಗೆ ಏನಾಯ್ತಾ?’
ಹಾಡಮ್ಮ, ಎಂದೆ.
ಮೂವತ್ತು ವರ್ಷ ಬಂಗುಡೆ ಬೂತಾಯಿ ಕೂಗಿ ಕೂಗಿ
ಅವಳ ಸ್ವರವೂ ಬಿರಿಯುವುದು ಅದೇ ಜಾಗದಲ್ಲಿ.
ನಿಂತು ಪೂರ್ತಿ ಕೇಳಿದಳು.
‘ಗಂಟಲಲ್ಲಿ ಕೂಗ್ತಾನೆ ಮಾರಾಯ,
ಹೊಟ್ಟೆಯಿಂದ ಕೂಗ್ಲಿಕ್ಕೆ ಹೇಳು.
ಇಲ್ಲಾಂದ್ರೆ ಇನ್ನು ಎರಡು ವರ್ಷ, ಅಷ್ಟೆ.’
ಬುಟ್ಟಿ ಎತ್ತಿಕೊಂಡು ಹೋದಳು.

ಅಫ್ನಾನನ ನಂಬರು ನನ್ನ ಹತ್ತಿರ ಇಲ್ಲ.
ಅದಕ್ಕೇ ಇದನ್ನು ಬರೆದದ್ದು.