ಜಾರುವ ಗಂಟು

ಬೋಟುಗಳೆಲ್ಲ ದಡ ಹತ್ತಿ ಕೂತ ತಿಂಗಳು
ಸುಲ್ತಾನ್ ಬತ್ತೇರಿಯ ಕೊನೆಯ ಫೆರಿಯಲ್ಲಿ
ಬೆಂಗ್ರೆಯ ನನ್ನ ಶೆಡ್ಡಿಗೆ ಗ್ರೇಶನ್ ಬಂದ.
ಕಂಕುಳಲ್ಲಿ ಅಕ್ಕಿಚೀಲ, ಚೀಲದೊಳಗೆ ಗಿಟಾರು.
ಹದಿನೆಂಟು ನೂರಂತೆ, ಹಂಪನಕಟ್ಟೆಯ ಸೆಕೆಂಡ್ ಹ್ಯಾಂಡು.
ಪ್ಲೈವುಡ್ಡಿಗೆ ಕಾಫಿ ಬಣ್ಣ ಬಳಿದದ್ದು, ಬೇರೆಂತದೂ ಇಲ್ಲ.

"ಸಾಲ್ಯಾನ್ರೇ, ಅಪ್ಪಿಯಕ್ಕನ ಕೂಗು ಇದರಲ್ಲಿ ಬರುವುದಿಲ್ಲ."

ಮೀನಿನ ಅಪ್ಪಿಯಕ್ಕನೇ. ಇನ್ಯಾರು!
ಬಿಜೈಯ ಗಲ್ಲಿಯಲ್ಲಿ ಬಂಗುಡೇ ಅಂತ ಎಳೆಯುತ್ತಾಳಲ್ಲ,
ಆ ಕೊನೆಯ ಡೇ ಎಲ್ಲಿ ಹೋಗಿ ಕೂರುತ್ತದೆಂದು
ಎಂಟು ವರ್ಷ ಇಗರ್ಜಿಯ ಕೊಯರಿನಲ್ಲಿ ನುಡಿಸಿದ ಮನುಷ್ಯ
ನಿದ್ದೆಗೆಟ್ಟು ಹುಡುಕುತ್ತಿದ್ದ.
ಮೂರನೇ ಮನೆಯಲ್ಲಿ ಒತ್ತಿದರೆ ಮೀನು ಹಳಸಿದ ಹಾಗೆ,
ನಾಲ್ಕನೆಯದರಲ್ಲಿ ಮೀನಿಗೆ ಸೆಂಟು ಹೊಡೆದ ಹಾಗೆ.
ನಡುವೆ ಇರುವುದು ಬೋಳು ಮರ,
ಅಲ್ಲಿ ಯಾರದ್ದೂ ವಾಸವಿಲ್ಲ.

ನನಗೆ ಸರಿಗಮ ಗೊತ್ತಿಲ್ಲ.
ಬಲೆಯ ಕಣ್ಣು ಗೊತ್ತು. ಎರಡು ನೂಲು ಕಡಿಮೆಯಾದರೆ
ಮರಿಗಳೂ ಸಿಕ್ಕಿ ಸಾಯುತ್ತವೆ,
ಹೆಚ್ಚಾದರೆ ಸಾಲ ಕೊಟ್ಟವ ಮನೆಗೆ ಬರುತ್ತಾನೆ.
ಅಳತೆಯ ಬಿದಿರುಪಟ್ಟಿ ತೆಗೆದೆ.

ಮೊಬೈಲ್ ರಿಪೇರಿಯ ಅನ್ಸಾರನ ಸೋಲ್ಡರ್ ಕಡ್ಡಿಯಿಂದ
ಒಂದೊಂದೇ ಪಟ್ಟಿ ಕಾಯಿಸಿ, ಇಕ್ಕುಳದಲ್ಲಿ ಎತ್ತಿದೆವು,
ಬೂತಾಯಿಯ ಮುಳ್ಳು ಬಿಡಿಸಿದ ಹಾಗೆ.
ಹತ್ತೊಂಬತ್ತು. ಒಂದು ಹಾರಿ ಮರಳಿಗೆ ಬಿತ್ತು, ಸಿಗಲಿಲ್ಲ,
ಸಿಕ್ಕಿದ್ದರೂ ಎಂತ ಮಾಡುವುದು.
ಬಿರುಕಿಗೆಲ್ಲ ಮರದ ಹುಡಿ, ಫೆವಿಕಾಲು.
ಉಕ್ಕಿನ ತಂತಿ ಬಿಚ್ಚಿಸಿದೆ, ಅದು ಗಂಟನ್ನು ಕೊಯ್ಯುತ್ತದೆ.
ನೈಲಾನು ಹಾಕು ಅಂದೆ. ಹಾಕಿದ.

ಆಮೇಲೆ ನನ್ನ ಕೆಲಸ.
ತಂಗೂಸಿ, ತಲೆಯ ಕಡೆಗೆ ದಪ್ಪದ್ದು,
ಹೊಟ್ಟೆಯ ಕಡೆಗೆ ಬರಬರುತ್ತ ಸಪೂರದ್ದು.
ಕೊರಳಿಗೆ ಎರಡು ಸುತ್ತು, ಬಲೆಗೆ ಹಾಕುವ ಗಂಟೇ,
ಆದರೆ ಸ್ವಲ್ಪ ಮೇಲೆ ಕಟ್ಟಿ ಕೆಳಗೆ ತಳ್ಳಬೇಕು,
ಕೊರಳು ದಪ್ಪವಾದಷ್ಟೂ ಗಂಟು ಬಿಗಿ.
ತುದಿಗೆ ಬೀಡಿಯ ಕೆಂಡ ಮುಟ್ಟಿಸಿದರೆ
ಕರಗಿ ಗುಂಡಗೆ ನಿಲ್ಲುತ್ತದೆ, ಸಾಸಿವೆಯಷ್ಟು.
ಕೊರಳು ಮುಗಿದು ಹೊಟ್ಟೆ ಶುರುವಾಗುವಲ್ಲಿ
ಸುತ್ತಲು ಜಾಗವಿಲ್ಲ. ಅಲ್ಲಿಗೆ ಹಿಡಿಸೂಡಿಯ ಕಡ್ಡಿ ಅಂಟಿಸಿದೆ.
ನಗಬೇಡಿ. ನುಡಿಯುತ್ತದೆ.

ಮೂರಕ್ಕೂ ನಾಲ್ಕಕ್ಕೂ ನಡುವೆ
ಗ್ರೇಶನ್ ಕಣ್ಣು ಮುಚ್ಚಿ, ಇಲ್ಲಿ, ಅಂದ.
ನಾನು ಕಟ್ಟಿದೆ. ಅವನು ಮೀಟಿದ.
ಶೆಡ್ಡಿನ ಹೊರಗೆ ಮಲಗಿದ್ದ ಬೆಕ್ಕು ಎದ್ದು ಬಂತು.
ಸುಳ್ಳಲ್ಲ.

ಅದು ಆಟಿ. ನಾಡದೋಣಿಯ ನಾಲ್ಕು ಮೀನಿಗೆ
ಊರೆಲ್ಲ ಕಾಯುವ ಕಾಲ.

ಸೋಣ ಬಂತು, ಬೋಟು ಇಳಿಯಿತು.
ಬಿಜೈಯ ಜಗಲಿಯಲ್ಲಿ ಗ್ರೇಶನ್ ನುಡಿಸುತ್ತಿದ್ದ,
ನಾನು ಪಕ್ಕದಲ್ಲಿ ಬೀಡಿ ಎಳೆಯುತ್ತಿದ್ದೆ.
ಅಪ್ಪಿಯಕ್ಕ ಬುಟ್ಟಿ ಇಳಿಸಿದಳು. ಕೇಳಿದಳು.
ಸಿಂಬಿಯಿಂದ ಕತ್ತು ಒರೆಸಿಕೊಂಡಳು.

"ಇದು ಆಟಿಯ ರೇಟು ಮಾರಾಯಾ.
ನೂರಕ್ಕೆ ಮೂರು ಇದ್ದಾಗ ಹಾಗೆ ಕೂಗಿದ್ದು,
ಕೊಳ್ಳುವವರಿಗೆ ಸಿಟ್ಟು ಬರಬೇಕಲ್ಲ.
ಇವತ್ತು ನೂರಕ್ಕೆ ಹನ್ನೆರಡು.
ಯಾರಿಗೆ ಬೇಕಾಗಿ ಗಂಟಲು ಹರಿಯಲಿ?"

ಗ್ರೇಶನ್ ನನ್ನ ಮುಖ ನೋಡಿದ.
ನಾನು ಗಂಟಿಗೆ ಹೆಬ್ಬೆರಳು ಕೊಟ್ಟು
ತಲೆಯ ಕಡೆಗೆ ಒಂದು ಅಕ್ಕಿಕಾಳಿನಷ್ಟು ಜಾರಿಸಿದೆ.
ಸಡಿಲವಾಯಿತು. ಬಸ್ಸಿನ ಟಿಕೇಟು ಮಡಚಿ ಅಡಿಗೆ ತುರುಕಿದೆ.
ಈಗ ಮೀಟು, ಅಂದೆ.

ಅಷ್ಟರಲ್ಲಿ ಅಪ್ಪಿಯಕ್ಕ ಎರಡು ಮನೆ ದಾಟಿದ್ದಳು.
ಅಲ್ಲಿಂದ ಕೂಗು ಕೇಳಿತು,
ನಾವು ಜಾರಿಸಿದ್ದಕ್ಕಿಂತ ಒಂದು ಕೂದಲು ಕೆಳಗೆ.