ಐವತ್ತು ಓಮ್

ಹಾಲ್‌ಡಿಸ್ ಮುದುಕಿಯ ಶವಪೆಟ್ಟಿಗೆ ಎದುರಿಗಿತ್ತು.
ಪಾದ್ರಿ ಕಣ್ಣು ಮುಚ್ಚಿದ್ದರು.
ನಾನು ಆರ್ಗನ್ನಿನ ಮೇಲೆ ಬೆರಳಿಟ್ಟು ಕಾಯುತ್ತಿದ್ದೆ.
ಆಗ ಸ್ಪೀಕರಿನೊಳಗಿಂದ ಐಲರ್ಟ್ ಕೆಮ್ಮಿದ.
ಕೆಮ್ಮಿ, ಬಾತುಕೋಳಿಯ ಗಂಟಲಲ್ಲಿ ಏನೇನೋ ಅಂದ.
ಒಂದಕ್ಷರ ತಿಳಿಯಲಿಲ್ಲ, ಆದರೂ ಆ ಕೆಮ್ಮು ಯಾರದೆಂದು
ವಾರ್ಡೊ ದ್ವೀಪಕ್ಕೆಲ್ಲ ಗೊತ್ತು.
ಹಿಂದಿನ ಸಾಲಲ್ಲಿ ಒಬ್ಬ ನಕ್ಕ.
ಸತ್ತವಳ ತಮ್ಮ ಅವನು.

ಸಂಜೆ ಜಗಳಕ್ಕೆಂದೇ ಹೋದೆ. ಸಂಜೆ ಅಂದರೆ
ಗಡಿಯಾರ ಹೇಳಿದ್ದು. ಡಿಸೆಂಬರಿನಲ್ಲಿ ಇಲ್ಲಿ
ಸೂರ್ಯ ಸಮುದ್ರದಿಂದ ತಲೆ ಎತ್ತುವುದೇ ಇಲ್ಲ.
ಐಲರ್ಟ್ ತಲೆ ಕೆರೆದುಕೊಂಡ.
"ಹೊಸ ಆಂಪ್ಲಿಫೈಯರು, ಆಸ್ಲೌಗ್, ಒಂದು ಕಿಲೋವಾಟು.
ತಿರುಗಿಸಿ ತಿರುಗಿಸಿ ನೋಡಬೇಕಾಗುತ್ತೆ.
ಆಂಟೆನಾಕ್ಕಲ್ಲದೆ ಬೇರೆಲ್ಲಿಗೆ ಬಿಡಲಿ?"
"ಗಟಾರಕ್ಕೆ ಬಿಡು" ಅಂದೆ.
ಸಿಟ್ಟಿನಲ್ಲಿ ಆಡಿದ್ದು. ಅವನ ಮುಖ ಅರಳಿತು.
ಅಂಥದೊಂದು ಗಟಾರ ಇದೆಯಂತೆ, ಕಟ್ಟಬೇಕಷ್ಟೆ.

ಡಬ್ಬಿ ನನ್ನದು, ಚರ್ಚಿನ ಬಾಗಿಲಿಗೆ ಬಳಿದುಳಿದ
ನೀಲಿ ಬಣ್ಣದ್ದು. ಮೂರು ಸಲ ತೊಳೆದು, ಒಲೆಯ ಪಕ್ಕ
ಎರಡು ದಿನ ಒಣಗಿಸಿದೆ. ಹನಿ ನೀರೂ ಇರಬಾರದಂತೆ.
ತಾಮ್ರ ಅವನದು. ತಟ್ಟೆಯಗಲದ ಎರಡು ಬಿಲ್ಲೆ,
ಅಂಚಿಗೆ ಇಪ್ಪತ್ತು ತೂತು, ತೂತಿಗೊಂದು ರೆಸಿಸ್ಟರು,
ಒಂದೊಂದೂ ಸಾವಿರ ಓಮ್, ಕಾರ್ಬನ್ನಿನದು.
ತಂತಿ ಸುತ್ತಿದ್ದು ಬೇಡ,
ಸುರುಳಿಗೆ ತನ್ನದೇ ಹಟ ಇರುತ್ತೆ ಅಂದ.
ಇಪ್ಪತ್ತು ಸಾವಿರ ಆಯಿತಲ್ಲ ಅಂದೆ.
"ಒಂದರ ಹಿಂದೊಂದು ನಿಂತರೆ ಹಾಗೆ.
ಪಕ್ಕಪಕ್ಕ ನಿಂತರೆ ಐವತ್ತು."
ನಂಬದೆಯೇ ತಲೆಯಾಡಿಸಿದೆ. ಬೆಸುಗೆಯ ಹೊಗೆಗೆ
ಕಣ್ಣು ಕಿರಿದು ಮಾಡಿಕೊಂಡಾಗ ಹೊಳೆಯಿತು:
ಮೀನಿನ ಕಾರ್ಖಾನೆ, ಪಾಳಿ ಬಿಟ್ಟ ಹೊತ್ತು,
ಒಂದೇ ಬಾಗಿಲಿದ್ದಾಗಿನ ನೂಕುನುಗ್ಗಲು,
ಆಮೇಲೆ ಗೋಡೆಯುದ್ದಕ್ಕೂ ಬಾಗಿಲಿಟ್ಟ ವರ್ಷ.

ಎಣ್ಣೆಗೆ ಪರದಾಡಿದೆವು.
ಬಂದರಿನ ಹಳೆ ಟ್ರಾನ್ಸ್‌ಫಾರ್ಮರಿನದು ವಿಷ, ಮುಟ್ಟಬೇಡ ಅಂದ.
ಕಾಡ್ ಮೀನಿನದು ಪೀಪಾಯಿಗಟ್ಟಲೆ ಇದೆಯಲ್ಲ ಅಂದರೆ
"ಕಾದ ದಿನ ಇಬ್ಬರೂ ಊರು ಬಿಡಬೇಕಾಗುತ್ತೆ."
ಕೊನೆಗೆ ಪಶುವೈದ್ಯೆ ಕೊಟ್ಟಳು,
ಹೊಟ್ಟೆ ಕಟ್ಟಿದ ಕುದುರೆಗೆ ಕುಡಿಸುವುದು,
ಬಣ್ಣವಿಲ್ಲ, ವಾಸನೆಯಿಲ್ಲ, ಏಳು ಲೀಟರು.
ಕುದುರೆ ಎಲ್ಲಿ ಅಂತ ಅವಳು ಕೇಳಲಿಲ್ಲ.
ಮುಚ್ಚಳಕ್ಕೊಂದು ಸಣ್ಣ ತೂತು,
ಎಣ್ಣೆ ಹಿಗ್ಗಿದರೆ ಉಸಿರು ಬಿಡಲು.

ಮೀಟರು ನಲವತ್ತೊಂಬತ್ತು ಪಾಯಿಂಟ್ ಎಂಟು ಅಂದಿತು.
ಅಷ್ಟು ಬೇಸುರನ್ನು ನಾನು ಹಾಡುವವರಲ್ಲಿ
ಪ್ರತಿ ಭಾನುವಾರ ಕ್ಷಮಿಸುತ್ತೇನೆ.
ಐಲರ್ಟ್ ಗುಂಡಿ ಒತ್ತಿದ. ಹೋಗುವುದನ್ನು ತೋರುವ ಮುಳ್ಳು
ಧಿಗ್ಗನೆ ಎದ್ದು ನಿಂತಿತು.
ಮರಳಿ ಬರುವುದನ್ನು ತೋರುವ ಮುಳ್ಳು
ಮಲಗಿದಲ್ಲೇ ಮಲಗಿತ್ತು.
ಎದುರುತ್ತರವಿಲ್ಲದೆ, ಮಾರ್ದನಿಯಿಲ್ಲದೆ
ಇಷ್ಟು ಪೂರ್ತಿಯಾಗಿ ಕೇಳಿಸಿಕೊಳ್ಳುವವರನ್ನು
ಐವತ್ತೆಂಟು ವರ್ಷದಲ್ಲಿ ನಾನು ಕಂಡಿರಲಿಲ್ಲ.

ಚರ್ಚಿಗೆ ಹೋಗಿ ಆರ್ಗನ್ ಹಚ್ಚು, ನಾನು ಮಾತಾಡುತ್ತೇನೆ,
ಕೇಳಿಸಿದರೆ ಬಂದು ಹೇಳು ಅಂದ.
ಕತ್ತಲಲ್ಲಿ ಕೂತೆ. ಸ್ಪೀಕರಿನಲ್ಲಿ ಏನಿಲ್ಲ.
ಮಾಡಿನ ಮೇಲೆ ಗಾಳಿ, ಬೆಂಚಿನ ಲಟಲಟ, ಮತ್ತೇನಿಲ್ಲ.
ಕಿವಿಯನ್ನು ಬಲೆಗೆ ಒತ್ತಿ ಹಿಡಿದೆ.
ಎಷ್ಟು ಹೊತ್ತೋ.

ತಿರುಗಿ ಬಂದಾಗ ಅವನ ಕಿವಿ ಕೆಂಪಾಗಿತ್ತು.
"ಏನಂದೆ?"
"ಟೆಸ್ಟಿಂಗು. ಒಂದು, ಎರಡು, ಮೂರು."
ಡಬ್ಬಿಯ ಮೇಲೆ ಎರಡೂ ಅಂಗೈ ಇಟ್ಟೆ.
ಒಂದು ಎರಡು ಮೂರಕ್ಕೆ
ಏಳು ಲೀಟರು ಎಣ್ಣೆ ಇಷ್ಟು ಕಾಯುವುದಿಲ್ಲ.
ಮಾತು ಆಡಿದರೆ ಹೋಯಿತು ಅನ್ನುತ್ತಾರೆ.
ಹೋಗಿರಲಿಲ್ಲ. ಅಲ್ಲೇ ಇತ್ತು, ತಗಡಿನಾಚೆ,
ಆಗಷ್ಟೇ ಕರೆದ ಹಾಲಿನಂತೆ.
ಮತ್ತೆ ಕೇಳಲಿಲ್ಲ.

ಈಗ ಜನವರಿ. ಸೆಟೆದ ಬೆರಳಲ್ಲಿ ನುಡಿಸಲಾಗದು,
ಅದಕ್ಕೆ ಭಾನುವಾರ ಅವನ ಮನೆ ಹಾದೇ ಚರ್ಚಿಗೆ ಹೋಗುತ್ತೇನೆ.
ಕೈಗವಸು ತೆಗೆದು ಡಬ್ಬಿಯ ಮೇಲಿಡುತ್ತೇನೆ.
ನಾನು ಬರುವಷ್ಟರಲ್ಲಿ ಐಲರ್ಟ್
ಏನೋ ಹೇಳಿ ಮುಗಿಸಿರುತ್ತಾನೆ,
ಒಲೆಯ ಕಡೆ ತಿರುಗಿ ಕಾಫಿ ಸೋಸುತ್ತಿರುತ್ತಾನೆ.